ಕೊರಳ ಕರಿಯೂ ಕಬ್ಬಿನ ಹಾಲೂ

ಅವತ್ತು ತವರುಮನೆಯ ಬಚ್ಚಲಿನಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಮಣೆಯ ಮೇಲೆ ಬೆನ್ನು ತಿರುಗಿಸಿ ಕುಳಿತವಳು ಅಣ್ಣನ ಮಗಳು, ಒಂಬತ್ತನೇ ಕ್ಲಾಸಿನ ಹುಡುಗಿ. ಹಂಡೆಯಿಂದ ನೀರು ತೋಡಿ ಹಾಕುತ್ತಿದ್ದವಳು ಅವಳ ತಾಯಿ, ಅಂದರೆ ನನ್ನ ವೈನಿ. ಸೀರೆ ಎತ್ತಿ ಕಟ್ಟಿಕೊಂಡು, ಹಿಮ್ಮಡಿ ಉಜ್ಜುವ ಕಲ್ಲನ್ನು ಹುಡುಗಿಯ ಕೊರಳಿಗೆ ಹಚ್ಚಿ ನಿಂತವಳು ನಮ್ಮವ್ವ. ನಾನು ಸೀಗೆಕಾಯಿಯ ಬಟ್ಟಲು ಹಿಡಿದು ಬಾಗಿಲಿಗೆ ಒರಗಿದ್ದೆ. ನನ್ನ ಗಂಡನ ಮನೆ, ತವರುಮನೆ ಎರಡೂ ಮೊರಬ ಎಂಬ ಊರಲ್ಲೇ. ನಡುವೆ ಎರಡು ಓಣಿ ಅಷ್ಟೇ. ಹಿಂಗಾಗಿ ತವರಿನಲ್ಲಿ ಯಾರಾದರೂ ತಲೆಗೆ ನೀರು ಹಾಕಿಕೊಂಡರೂ ನನಗೆ ಸುದ್ದಿ ಬರುತ್ತದೆ.

"ಇದೇನು ಕೊರಳೋ, ಎರಿ ಹೊಲಾನೋ? ಜ್ವಾಳಾ ಬಿತ್ತಿದ್ರ ಬರೋಬ್ಬರಿ ನಾಟತೈತಿ," ಅಂದಳು ಅವ್ವ.

"ಆಯಿ, ಉರಿತೈತಿ. ಮೆಲ್ಲಕ."

"ಉರೀಲಿ. ನಾಳೆ ನೋಡಾಕ ಬಂದವರು ಕೊರಳು ನೋಡಿ ಹೊಳ್ಳಿ ಹೋದ್ರ?"

"ಒಂಬತ್ತನೇತ್ತಾಕಿನ್ನ ನೋಡಾಕ ಯಾರ್ ಬರ್ತಾರ ಆಯಿ? ಪೊಲೀಸ್ರು ಬರ್ತಾರ."

ವೈನಿ ನಕ್ಕು ಒಂದು ತಂಬಿಗೆ ನೀರು ಹೆಚ್ಚಿಗೆ ಸುರಿದಳು. ಅವ್ವ ನಗಲಿಲ್ಲ, ಉಜ್ಜುವುದನ್ನು ಬಿಡಲೂ ಇಲ್ಲ.

ಆ ಕರಿ ಬಂದು ವರ್ಷದ ಮೇಲಾಗಿತ್ತು. ಕೊರಳ ಹಿಂದಿನಿಂದ ಸುರುವಾಗಿ ಎರಡೂ ಬಾಜು ಮುಂದಕ್ಕೆ ಹರಿದಿತ್ತು. ಮುಟ್ಟಿದರೆ ಚರ್ಮ ಅಲ್ಲಿ ಸ್ವಲ್ಪ ದಪ್ಪ, ಮಖಮಲ್ಲಿನಂತೆ ಮೆತ್ತಗೆ. ಕಂಕುಳಲ್ಲೂ ಇತ್ತು. ಕಡಲೆ ಹಿಟ್ಟು, ಮೊಸರು, ಲಿಂಬಿಹಣ್ಣು ಎಲ್ಲ ಆಗಿ ಕಡೆಗೆ ಕಲ್ಲಿಗೆ ಬಂದು ಮುಟ್ಟಿದ್ದರು. ಉಜ್ಜಿದ ದಿನ ಕೊರಳು ಕೆಂಪಾಗುತ್ತಿತ್ತು. ನಾಲ್ಕು ದಿನ ಬಿಟ್ಟರೆ ಕರಿ ತನ್ನ ಜಾಗಕ್ಕೆ ತಾನು ಬಂದು ಕೂಡುತ್ತಿತ್ತು. ಹುಡುಗಿ ಮೈ ತುಂಬಿಕೊಂಡಿದ್ದಳು, ಅದರಲ್ಲೂ ಹೊಟ್ಟೆಯ ಸುತ್ತ. ನಮ್ಮವ್ವನ ಕಣ್ಣಿಗೆ ಅದು ಮನೆಯ ಮರ್ಯಾದೆ. "ಹಗ್ಗದಂಗ ಇರೋ ಹುಡಿಗ್ಯಾರನ್ನ ನೋಡಿದ್ರ ಅವರ ಮನ್ಯಾಗ ಜ್ವಾಳದ ಚೀಲ ಖಾಲಿ ಆದಂಗ ಕಾಣತೈತಿ," ಅನ್ನುತ್ತಿದ್ದಳು.

ನಮ್ಮ ಕಡೆ ಹಳೆಯ ಪದ್ಧತಿಯೊಂದಿದೆ. ಬಿಸಿಲಿನಿಂದ ಯಾರೇ ಮನೆಗೆ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು; ಮಾತು ಆಮೇಲೆ. ಬಾಯಿ ಒಣಗಿ ಬಂದವರ ಕೂಡ ಮಾತು ಸುರು ಮಾಡಿದರೆ ಅದು ಜಗಳಕ್ಕೆ ತಿರುಗುತ್ತದೆ ಎಂದು ಅವ್ವನಿಗೆ ಅವಳ ಅತ್ತೆ ಕಲಿಸಿದ್ದಳಂತೆ. ಅವ್ವ ಈ ಪದ್ಧತಿಯನ್ನು ದೇವರ ಪೂಜೆಗಿಂತ ಗಟ್ಟಿಯಾಗಿ ನಡೆಸಿಕೊಂಡು ಬಂದವಳು. ಪೂಜೆ ಒಂದು ದಿನ ತಪ್ಪೀತು, ಬೆಲ್ಲ ನೀರು ತಪ್ಪಲಿಲ್ಲ.

ಆದರೆ ಆ ಬೆಲ್ಲ ದಿನವಿಡೀ ಹೊಲದಲ್ಲಿ ಬಾಗಿ ಕಸ ತೆಗೆದು ಬಂದವರಿಗೆ ಆಗಿಬಂದ ಬೆಲ್ಲ. ಮೊಮ್ಮಗಳು ಬರುತ್ತಿದ್ದದ್ದು ನವಲಗುಂದದ ಸಾಲಿಯಿಂದ, ಸಾಲಿಯದೇ ಗಾಡಿಯಲ್ಲಿ, ಮನೆಯ ಕಟ್ಟೆಯ ಮುಂದೆಯೇ ಇಳಿದು. ಅಷ್ಟರಲ್ಲಿ ಬೆಲ್ಲ ನೀರಿನ ಜಾಗಕ್ಕೆ ಫ್ರಿಜ್ಜಿನೊಳಗಿನ ಕಿತ್ತಳೆ ಬಣ್ಣದ ಬಾಟ್ಲಿಯೂ ಬಂದಿತ್ತು. ಅವ್ವ ಬಾಟ್ಲಿಯ ಬೂಚು ತಿರುವಿ ಲೋಟ ತುಂಬಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಹುಡುಗಿ ಚಪ್ಪಲಿ ಬಿಡುವುದಕ್ಕೂ ಮೊದಲು ಕುಡಿಯಬೇಕು. ಆಮೇಲೆ ಚಹಾ. ಚಹಾದ ಕೂಡ ಓಣಿಯ ತುದಿಯ ಅಂಗಡಿಯ ಮಿರ್ಚಿ, ಇಲ್ಲವೆಂದರೆ ಪ್ಯಾಕೀಟಿನ ಚುರುಮುರಿ. ರಾತ್ರಿಗೆ ಅನ್ನ. ವೈನಿಯ ಮಣಿಕಟ್ಟು ನೋಯಲು ಹತ್ತಿದಾಗಿನಿಂದ ರೊಟ್ಟಿ ಬಡಿಯುವುದು ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿತ್ತು. ಊಟ ಆದಮೇಲೆ ಹುಡುಗಿ ಹಾಸಿಗೆಯಲ್ಲಿ ಮೊಬೈಲು ಹಿಡಿದರೆ ಎಷ್ಟೊತ್ತಿಗೆ ಮಲಗುತ್ತಾಳೋ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಅವಳು ಮೈ ಅಲುಗಿಸುತ್ತಿದ್ದದ್ದು ಒಂದೇ ಕಡೆ, ಸಾಲಿಯ ಕಬಡ್ಡಿ ಅಂಗಳದಲ್ಲಿ. ಓಡುವುದರಲ್ಲಿ ಹಿಂದೆ. ಆದರೆ ರೇಡು ಮಾಡಲು ಬಂದ ಹುಡುಗಿಯ ಕಾಲು ಒಮ್ಮೆ ಅವಳ ಕೈಗೆ ಸಿಕ್ಕಿತೆಂದರೆ ಮುಗಿಯಿತು. ಗೆರೆ ಮುಟ್ಟುವುದು ದೂರ ಉಳಿಯಿತು, ನಿಂತಲ್ಲಿಂದ ಅಲ್ಲಾಡಲೂ ಆಗುತ್ತಿರಲಿಲ್ಲ. ಗೆಳತಿಯರು ಅವಳಿಗೆ 'ಲಂಗರು' ಎಂದು ಹೆಸರಿಟ್ಟಿದ್ದರು. ತಾಲೂಕಾ ಆಟಕ್ಕೆ ಸಾಲಿಯ ತಂಡದಲ್ಲಿ ಅವಳು ಇದ್ದೇ ಇದ್ದಳು.

ಆ ವರ್ಷ ಸಾಲಿಗೆ ಆರೋಗ್ಯ ತಪಾಸಣೆಗೆ ಬಂದ ಡಾಕ್ಟರಮ್ಮ ಹುಡುಗಿಯ ಕೊರಳು ನೋಡಿದರಂತೆ, ಸೊಂಟಕ್ಕೆ ಟೇಪು ಹಿಡಿದರಂತೆ, ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿದರಂತೆ. ಬರುತ್ತಿರಲಿಲ್ಲ. ರಕ್ತ ತಪಾಸಣೆ ಮಾಡಿಸಿ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಎಂದು ಹೇಳಿ ಕಳಿಸಿದರು. ಅಣ್ಣ ಮಗಳನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋಗಿ ಸಂಜೆ ತಿರುಗಿ ಬಂದ. ಪಡಸಾಲೆಯಲ್ಲಿ ನಾವೆಲ್ಲ ಕಾಯುತ್ತ ಕುಳಿತಿದ್ದೆವು. ಅಣ್ಣನ ಕೈಗೂ ಮೊದಲು ಬೆಲ್ಲ, ನೀರು ಬಂತು. ಆಮೇಲೆ ಅವ್ವನ ವಿಚಾರಣೆ.

"ಏನಂದ್ರು?"

"ಲಿವರಿನ್ಯಾಗ ಕೊಬ್ಬು ಕುಂತೈತಿ ಅಂದ್ರು. ತೂಕ ಇಳಸ್ರಿ, ಮೂರು ತಿಂಗಳ ಬಿಟ್ಟು ಬರ್ರಿ ಅಂದ್ರು."

"ಗುಳಿಗಿ?"

"ಕೊಟ್ಟಿಲ್ಲ."

"ಸೂಜಿ?"

"ಇಲ್ಲ ಬೇ."

"ಟಾನಿಕ್ಕರ?"

ಅಣ್ಣ ತಲೆ ಅಲ್ಲಾಡಿಸಿದ.

"ಹಂಗಾರ ಅವಗ ರೋಗ ತಿಳದಿಲ್ಲ ಬಿಡು," ಅಂದಳು ಅವ್ವ. "ಲಿವರ ಅಂದ್ರ ಕಾಮಣಿ. ಕಾಮಣಿ ನನಗ ಕಲಸ್ತಾನೇನವ?"

ಈ ಮಾತಿಗೆ ಆ ಮನೆಯಲ್ಲಿ ಯಾರೂ ಎದುರು ಆಡುವಂತಿರಲಿಲ್ಲ. ಯಾಕೆಂದರೆ ಅಣ್ಣ ಇನ್ನೂ ಚಡ್ಡಿ ಹಾಕುವ ಹುಡುಗನಾಗಿದ್ದಾಗ ಅವನಿಗೆ ಕಾಮಣಿ ಆಗಿತ್ತು. ಕಣ್ಣು ಅರಿಷಿಣ, ಉಗುರು ಅರಿಷಿಣ, ಅನ್ನ ಕಂಡರೆ ವಾಂತಿ. ಮೇಲೆ ಏಳಲಾಗದೆ ಮಲಗಿದ್ದ ಮಗನಿಗೆ ಅವ್ವ ಎಣ್ಣೆ, ಅರಿಷಿಣ, ಉಪ್ಪು ಬಿಡಿಸಿ, ಗುಟುಕು ಗುಟುಕು ಕಬ್ಬಿನ ಹಾಲು ಕುಡಿಸಿ, ಅಂಗಳಕ್ಕೂ ಇಳಿಯಗೊಡದೆ ಉಳಿಸಿಕೊಂಡಿದ್ದಳು. ಅಂದಿನಿಂದ ಓಣಿಯಲ್ಲಿ ಯಾರ ಮಗುವಿನ ಕಣ್ಣು ಹಳದಿಯಾದರೂ ಪಥ್ಯ ಕೇಳಲು ನಮ್ಮ ಮನೆಗೇ ಬರುತ್ತಿದ್ದರು. ತನ್ನ ಜೀವ ಉಳಿಸಿದ ಪಥ್ಯವನ್ನು ಮಗಳಿಗೆ ಬೇಡ ಅನ್ನಲು ಅಣ್ಣನಿಗೆ ಬಾಯಿ ಬರಲಿಲ್ಲ.

"ಆದರ ಈಕಿ ಕಣ್ಣು ಬೆಳ್ಳಗ ಅದಾವಲ್ಲ ಅವ್ವಾ," ಅಂದೆ ನಾನು.

"ಅರಿಷಿಣ ಆಗೂಕಿಂತ ಮೊದಲ ಸಿಕ್ಕೈತಿ. ಈಗಿನ ಮಷೀನು ಹಂಗ ಹಿಡಿತಾವು. ಛಲೋನ ಆತಲ್ಲ?"

ಮಾತು ಸರಿ ಅನ್ನಿಸುವಂತೆಯೇ ಇತ್ತು. ಮರುದಿನದಿಂದ ಪಥ್ಯ ಸುರುವಾಯಿತು. ಅಣ್ಣ ಮುಂಜಾನೆ ಬೈಕಿನಲ್ಲಿ ಹೋಗಿ ಬಾಟ್ಲಿ ತುಂಬ ಕಬ್ಬಿನ ಹಾಲು ತರುತ್ತಿದ್ದ. ಮಧ್ಯಾಹ್ನದ ಡಬ್ಬಿಯಲ್ಲಿ ಸಕ್ಕರೆ ಹಾಕಿದ ಸಾಬೂದಾಣಿ ಗಂಜಿ. ನೀರಿನ ಬಾಟ್ಲಿಯಲ್ಲಿ ಗ್ಲುಕೋಸ್ ಪುಡಿ. ಎಣ್ಣೆ ಇಲ್ಲ, ಖಾರ ಇಲ್ಲ, ಮಿರ್ಚಿಯಂತೂ ಓಣಿಯಲ್ಲಿ ಕರಿಯುವ ವಾಸನೆ ಬಂದರೂ ಅವ್ವ ಕಿಟಕಿ ಹಾಕುತ್ತಿದ್ದಳು. ಸಾಲಿಯಿಂದ ಬಂದ ಕೂಡಲೇ ಮಲಗಬೇಕು. ಕಬಡ್ಡಿ ಬಂದ್. ಈ ಕಡೆ ವೈನಿ ಯಾರು ಕೇಳಿದರೂ 'ಹೊಟ್ಟಿನೂವು' ಅನ್ನುತ್ತಿದ್ದಳು. ಲಿವರು ಅಂದರೆ ಜನ ಮೊದಲು ಕೇಳುವುದು ಕುಡಿತದ ಮಾತು. ಹೆಣ್ಣು ಹುಡುಗಿಯ ಹೆಸರಿನ ಕೂಡ ಆ ಮಾತು ಓಡಾಡುವುದು ಅವಳಿಗೆ ಬೇಕಿರಲಿಲ್ಲ.

ಒಂದು ದಿನ ಹುಡುಗಿ ನನ್ನ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು. ನಾನು ಪದ್ಧತಿಯಂತೆ ಬೆಲ್ಲದ ಡಬ್ಬಿಗೆ ಕೈ ಹಾಕಿದೆ.

"ಒಲ್ಲೆ ಅತ್ತಿ. ಕುಡುಕುಡುದು ಬಾಯಿ ಅಂಟಾಗೇತಿ," ಅಂದಳು. ಆಮೇಲೆ, "ತಾಲೂಕಾ ಆಟಕ್ಕ ನನ್ನ ಬಿಟ್ಟು ಹೋದ್ರು."

"ಮುಂದಿನ ವರ್ಷ ಆಡ್ತೀಯಲ್ಲ, ತಂಗಿ."

"ಆಟದಾಗ ಇದ್ದಾಗ ನಾನು ಲಂಗರು, ಅತ್ತಿ. ಆಟ ಬಿಟ್ರ ಬರೇ ದಪ್ಪ ಹುಡುಗಿ."

ಬೆಲ್ಲದ ಡಬ್ಬಿ ಮುಚ್ಚಿಟ್ಟೆ. ಒಂದು ರೊಟ್ಟಿ, ಹೆಸರುಕಾಳಿನ ಪಲ್ಲೆ ಕೊಟ್ಟೆ. ಖಾರದ್ದು. ತಿಂದು ಎದ್ದು ಹೋದಳು.

ಮೂರು ತಿಂಗಳ ಮೇಲೆ ಮತ್ತೆ ಹುಬ್ಬಳ್ಳಿಗೆ ಹೊರಟಾಗ ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಗುಳಿಗೆಯನ್ನೋ ಸೂಜಿಯನ್ನೋ ಕೇಳಿ ಪಡೆಯದೆ ಈ ಸಲ ಏಳುವುದಿಲ್ಲ ಎಂದು ಅವಳ ಲೆಕ್ಕ. ಅಣ್ಣ, ವೈನಿ, ಹುಡುಗಿ, ಅವ್ವ, ಅವ್ವನ ಕೈ ಹಿಡಿಯಲು ನಾನು. ಡಾಕ್ಟರ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಹುಡುಗಿಯ ತೂಕ ಹೆಚ್ಚಾಗಿತ್ತು. ರಕ್ತದ ತಪಾಸಣೆಯೂ ಮೊದಲಿಗಿಂತ ಕೆಟ್ಟಿತ್ತು. ಡಾಕ್ಟರು, ಅವರು ಧಾರವಾಡ ಕಡೆಯವರೇ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನೇನು ತಿನ್ನಾಕ ಕೊಡ್ತೀರಿ ಈಕಿಗೆ?"

ಅವ್ವ ಕಾಯುತ್ತಿದ್ದದ್ದು ಇದನ್ನೇ. ಕಬ್ಬಿನ ಹಾಲಿನಿಂದ ಹಿಡಿದು ಗ್ಲುಕೋಸಿನ ತನಕ ಎಲ್ಲ ಹೇಳಿ, "ಎಣ್ಣಿ ಒಂದು ಹನಿ ಮುಟ್ಟಿಸಿಲ್ರಿ. ಅಂಗಳಕ್ಕ ಇಳಿಯಾಕ ಬಿಟ್ಟಿಲ್ಲ. ಇನ್ನ ಗುಳಿಗಿ ನೀವು ಕೊಡಬೇಕ್ರಿ," ಎಂದು ಮುಗಿಸಿದಳು.

ಡಾಕ್ಟರು ಅವ್ವನ ಕಡೆ ತಿರುಗಿದರು. "ಇದು ಕಾಮಣಿ ಪಥ್ಯ ಅಲ್ಲೇನ್ರಿ ಅಜ್ಜಿ?"

"ಹೌದ್ರಿ. ಇಂವನ್ನ ಹಿಂಗ ಉಳಿಸಿಕೊಂಡೇನಿ," ಎಂದು ಅಣ್ಣನ ಭುಜ ಮುಟ್ಟಿ ತೋರಿಸಿದಳು.

"ಇವರಿಗೆ ಆಗಿದ್ದು ಬ್ಯಾರೆ. ಆವಾಗ ಇವರ ಹೊಟ್ಟಿ ಅನ್ನ ಒಲ್ಲೆ ಅಂತಿತ್ತು, ನೀವು ಸಿಹಿ ನೀರು ಕೊಟ್ಟು ತ್ರಾಣ ಹಿಡಿಸಿದ್ರಿ. ಈಕಿಗೆ ಕಡಿಮಿ ಆಗಿ ಬಂದದ್ದಲ್ಲ ಇದು, ಹೆಚ್ಚಾಗಿ ಬಂದದ್ದು. ಮೈಗೆ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರಿ ಹೋದ್ರ ಲಿವರ್ ಅದನ್ನ ಕೊಬ್ಬು ಮಾಡಿ ತನ್ನೊಳಗ ತುಂಬಿಕೊಳ್ತದ. ನೀವು ಎಣ್ಣಿ ಬಿಡಿಸಿ ಸಕ್ಕರಿ ಸುರದ್ರಿ."

ವೈನಿ ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಕೇಳಿದಳು: "ಇದು ಕುಡಿಯೋರಿಗೆ ಬರೂದು ಅಂತಾರಲ್ರಿ?"

"ಕುಡಿಯದವರಿಗೂ ಬರ್ತದ ತಾಯಿ. ಈಗ ಸಾಲಿ ಹುಡುಗ್ರೊಳಗೂ ನೋಡಾಕ ಹತ್ತೇವಿ. ಹೊಟ್ಟಿ ಸುತ್ತ ಬೊಜ್ಜು, ಬಣ್ಣದ ನೀರಿನ ಬಾಟ್ಲಿ, ಕುಂತಲ್ಲೇ ಕೂಡೂದು, ನಿದ್ದಿಗೆಡೂದು. ಮೈಯಾಗ ಏನೂ ತಿಳಿಯೂದಿಲ್ಲ, ಒಳಗ ನಡದಿರತದ. ಮನ್ಯಾಗ ಯಾರಿಗರ ಸಕ್ಕರಿ ಬ್ಯಾನಿ ಇದ್ರ ಇನ್ನೂ ಲಗೂನ ಬರ್ತದ. ನಿಮ್ಮನ್ಯಾಗ ಯಾರಿಗರ ಐತೇನು?"

"ನಮ್ಮನ್ಯಾಗ ಯಾರಿಗೂ ಇಲ್ರಿ," ಅಂದಳು ಅವ್ವ. "ನನ್ನ ನೋಡ್ರಿ, ಈ ವಯಸ್ಸಿಗೂ ಒಂದು ಗುಳಿಗಿ ನುಂಗಿಲ್ಲ."

"ಹಿಂಗ ಬಿಟ್ರ ಏನಾಕ್ಕೈತ್ರಿ?" ಎಂದು ಅಣ್ಣ ಕೇಳಿದ.

"ಬಿಟ್ರ ಮುಂದ ಲಿವರ್ ಗಟ್ಟಿ ಆಗಬಹುದು. ಸಕ್ಕರಿ ಬ್ಯಾನಿ ಬರಬಹುದು. ಆದರ ಈ ವಯಸ್ಸಿನ್ಯಾಗ ಹಿಡದ್ರ ಹೊಳ್ಳಿ ಸರಿ ಆಗ್ತದ. ಅದಕ್ಕ ಗುಳಿಗಿ ಕೊಟ್ಟಿಲ್ಲ. ತೂಕ ಇಳಿಬೇಕು, ಸಿಹಿ ನಿಲ್ಲಬೇಕು, ಮೈ ಬೆವರಬೇಕು."

ಇಷ್ಟು ಹೊತ್ತು ತನ್ನ ಉಗುರು ನೋಡುತ್ತ ಕುಳಿತಿದ್ದ ಹುಡುಗಿ ಆಗ ತಲೆ ಎತ್ತಿದಳು. "ಸರ್, ಕಬಡ್ಡಿ ಆಡಬಹುದಾ?"

"ಯಾರು ಬ್ಯಾಡ ಅಂದ್ರು?"

ಯಾರೂ ಅವ್ವನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಉತ್ತರವಾಯಿತು.

"ನಿಮ್ಮ ಅಜ್ಜಿ ಗುಳಿಗಿ ಕೇಳಿದ್ರಲ್ಲ. ಅದ ನಿನ್ನ ಗುಳಿಗಿ. ದಿನಾ ತೊಗೊ," ಅಂದರು ಡಾಕ್ಟರು. ಆಮೇಲೆ ಹುಡುಗಿಯ ಕಾಲರು ಸರಿಸಿ ನೋಡಿ, "ಇದನ್ನ ಯಾರು ಕೆರದದ್ದು? ಇದು ಹೊಲಸಲ್ಲ. ಒಳಗ ಸಕ್ಕರಿ ಅರಗಿಸೋ ಕೆಲಸ ಕೆಟ್ಟಾಗ ಹೊರಗ ಹಿಂಗ ಕಾಣತದ. ಉಜ್ಜಬ್ಯಾಡ್ರಿ. ಒಳಗಿಂದು ಸುಧಾರಿಸಿದ್ರ ಇದೂ ತಿಳಿ ಆಗ್ತದ," ಅಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಬಾಜು ಕುಳಿತು ಮಾತೇ ಆಡಲಿಲ್ಲ. ಅವಳು ಮಾತಾಡದಿದ್ದರೆ ನಮಗೆ ಹೆದರಿಕೆ. ನವಲಗುಂದದ ರಸ್ತೆಗೆ ಬಿದ್ದು ಎರಡೂ ಬಾಜು ಕರಿ ಹೊಲ ಕಾಣಲು ಹತ್ತಿದ ಮೇಲೆ ಅಣ್ಣ ಮುಂದಿನ ಸೀಟಿನಿಂದ ತಿರುಗಿದ.

"ಅವ್ವಾ, ನಮ್ಮ ಕೆಳಗಿನ ಹೊಲ ನೆನಪೈತೇನು? ಕಾಲವಿ ಬಂದ ಹೊಸದಾಗ?"

ಅವ್ವ ಅವನ ಕಡೆ ಹೊರಳಿದಳು.

"ನೀರು ಕಾಣದ ಹೊಲ ಅಂತ ಅಪ್ಪ ಪ್ರೀತಿಲೆ ಬಿಟ್ಟ ಬಿಟ್ಟ ನೀರು. ಎರಿ ಮಣ್ಣು, ಹೀರಕೊಂಡಷ್ಟು ಹೀರಕೊಂತು. ಆಮ್ಯಾಲೆ ಸವಳು ಬಂದು ಮ್ಯಾಲೆ ಬೆಳ್ಳಗ ಉಪ್ಪು ಬಿತ್ತು. ಅಪ್ಪ ಕೆಟ್ಟ ಮನಸಿಲೆ ಬಿಟ್ಟಿದ್ನೇನು?"

ಅವ್ವ ಮತ್ತೆ ಕಿಟಕಿಯ ಕಡೆ ತಿರುಗಿದಳು. "ನೀರು ಬಿಡೂದು ನಿಂದ್ರಿಸಿ ಬಸಿಗಾಲವಿ ತೆಗದ ಮ್ಯಾಲೆ ಹೊಳ್ಳಿ ಜ್ವಾಳಾ ಬಂತಲ್ಲ," ಅಂದಳು.

"ಬಂತು."

"ಎಷ್ಟು ವರ್ಷಕ್ಕ?"

"ಬಂತಲ್ಲ ಬೇ ಅವ್ವಾ. ಬಂದದ್ದು ಖರೆ ಹೌದಲ್ಲ."

ಅವತ್ತು ಮನೆಗೆ ಬಂದಾಗ ಯಾರಿಗೂ ಬೆಲ್ಲ ಬರಲಿಲ್ಲ. ಬರೇ ನೀರು ಬಂತು. ಕಿತ್ತಳೆ ಬಣ್ಣದ ಬಾಟ್ಲಿಯನ್ನು ಅವ್ವ ತಾನೇ ಬಚ್ಚಲಿಗೆ ಸುರಿದಳು. ಬಚ್ಚಲಿಗೆ ಎರಡು ದಿನ ಇರುವೆ ಹತ್ತಿ ವೈನಿ ಬೈದುಕೊಂಡು ಓಡಾಡಿದಳು.

ಮುಂದೆ ಎಲ್ಲ ನೆಟ್ಟಗೆ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವ್ವನಿಗೆ ಕೈಯೇ ತಡೆಯುತ್ತಿರಲಿಲ್ಲ. ಉಣಿಸುವುದನ್ನು ಬಿಟ್ಟು ಮೊಮ್ಮಗಳ ಮೇಲೆ ಪ್ರೀತಿ ತೋರಿಸುವ ಬೇರೆ ದಾರಿ ಅವಳಿಗೆ ಯಾರೂ ಕಲಿಸಿರಲಿಲ್ಲ. ಪಂಚಮಿಗೆ ಉಂಡಿ ಕಟ್ಟಿದಾಗ ಸೆರಗಿನಲ್ಲಿ ಎರಡು ಮುಚ್ಚಿಟ್ಟುಕೊಂಡು ಹುಡುಗಿಯ ಹಿಂದೆ ಹಿತ್ತಲಿಗೆ ಹೋದದ್ದನ್ನು ನಾನೇ ನೋಡಿದೆ. ಹುಡುಗಿಯೂ ಸಾಧು ಏನಲ್ಲ. ಒಂದು ವಾರ ಅಗದಿ ಕಟ್ಟುನಿಟ್ಟು, ಮುಂದಿನ ವಾರ ಸಾಲಿಯ ಗೆಳತಿಯರ ಕೂಡ ಗೋಬಿ ಮಂಚೂರಿ. ಮೊಬೈಲಿನ ಸಲುವಾಗಿ ತಾಯಿ ಮಗಳ ಜಗಳ ಎರಡು ಓಣಿ ದಾಟಿ ನನಗೆ ಕೇಳುತ್ತಿತ್ತು. ಆದರೂ ರೊಟ್ಟಿ ತಿರುಗಿ ಬಂತು. ವೈನಿಯ ಕೈ ನೋವಿಗೆ ಅಣ್ಣ ಹಿಟ್ಟು ನಾದಿಕೊಡಲು ಸುರು ಮಾಡಿದ. ಮೊದಮೊದಲು ಬಾಗಿಲು ಮುಂದೆ ಮಾಡಿಕೊಂಡು ನಾದುತ್ತಿದ್ದ. ಆಮೇಲೆ ಬಾಗಿಲು ತೆರೆದೇ.

ಮುಂಜಾನೆ ಹುಡುಗಿಯನ್ನು ನಡೆಸಲು ಅವ್ವನೇ ಹೊರಟಳು. ಊರ ಹೊರಗಿನ ಹೊಲದ ತನಕ ಹೋಗಿ ಬರುವುದು. ಹುಡುಗಿ ನನ್ನ ಹತ್ತಿರ ದೂರು ತಂದಳು: "ಅತ್ತಿ, ಆಯಿ ಕಟ್ಟಿ ಕಟ್ಟಿಗೂ ನಿಂತು ಮಾತಾಡ್ತಾಳ. ನಾನು ನಡಿಯೂದು ಕಡಿಮಿ, ಸುದ್ದಿ ಕೇಳೂದು ಹೆಚ್ಚು." ಅವ್ವನ ಉತ್ತರ: "ನಾ ಮಾತಾಡೂತನಕ ನೀ ಮುಂದ ಹೋಗಿ ಹೊಳ್ಳಿ ಬಾರ್ ಲೇ. ನಿನಗ ಎರಡು ಸಲ ಆಕ್ಕೈತಿ." ಹಾಗೆಯೇ ಮಾಡಿದರು. ಅವ್ವ ಕಟ್ಟೆಯ ಮೇಲೆ, ಹುಡುಗಿ ಹೊಲದ ದಾರಿಯಲ್ಲಿ ಹೋಗುತ್ತ ಬರುತ್ತ.

ಕಬಡ್ಡಿಗೆ ಮತ್ತೆ ಸೇರಿದಳು. ತೂಕ ಇಳಿಯುತ್ತ ಬಂದಂತೆ ಕಾಲು ಚುರುಕಾಯಿತು, ಹಿಡಿತ ಸ್ವಲ್ಪ ಸಡಿಲಾಯಿತು. "ನೀ ಆರಾಮ ಆಗಿ ನಮ್ಮ ಟೀಮ್ ಕೆಡಿಸಿದಿ ನೋಡಲೇ," ಎಂದು ಗೆಳತಿಯರು ಅಣಕಿಸಿದರಂತೆ. ಅದನ್ನು ಅವಳು ನಕ್ಕೊಂತ ಹೇಳಿದಳು. ಮುಂದಿನ ಸಲ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರು ಕೊಬ್ಬು ಕಡಿಮೆಯಾಗಿದೆ, ಪೂರಾ ಹೋಗಿಲ್ಲ, ಇದೇ ದಾರಿ ಹಿಡಿದು ನಡೆಯಿರಿ ಅಂದರು. ಕೊರಳು ಒಂದಿಷ್ಟು ತಿಳಿಯಾಗಿತ್ತು. ಕಲ್ಲು ಹಿಮ್ಮಡಿಯ ಕೆಲಸಕ್ಕೆ ತಿರುಗಿ ಹೋಗಿತ್ತು.

ಇದಾದ ಮೇಲೆ ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ದಿನ ಅವ್ವನ ಭುಜ ಹಿಡಿದಿತ್ತು, ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಮಣೆಯ ಮೇಲೆ ಅವಳು ಕುಳಿತಳು, ಬೆನ್ನು ತಿಕ್ಕಲು ಹುಡುಗಿ ನಿಂತಳು. ನಾನು ನೀರು ತೋಡುತ್ತಿದ್ದೆ. ಬೆನ್ನಿಗೆ ಎಣ್ಣೆ ಹಚ್ಚಬೇಕೆಂದು ಹುಡುಗಿ ಅವ್ವನ ಬೋರಮಾಳ ಸರವನ್ನು ಕೊರಳಿನಿಂದ ತೆಗೆದು ಗೂಟಕ್ಕೆ ಹಾಕಿದಳು. ಮದುವೆಯಾದಾಗಿನಿಂದ ಆ ಸರ ಅವ್ವನ ಕೊರಳು ಬಿಟ್ಟದ್ದು ಕಡಿಮೆ. ಹುಡುಗಿಯ ಕೈ ಅಲ್ಲೇ ನಿಂತಿತು.

"ಆಯಿ, ಇಲ್ಲಿ ಕರ್ರಗ ಐತಿ."

"ಸರ ಉಜ್ಜಿ ಉಜ್ಜಿ ಆದದ್ದು ಅದು. ನನ್ನ ಲಗ್ನದಷ್ಟು ಹಳೇದು."

ಹುಡುಗಿ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ ತನ್ನ ಕೊರಳ ಹಿಂದೆ ಮುಟ್ಟಿಕೊಂಡಳು. "ಸರ ಇಲ್ಲದ ಕಡೆನೂ ಐತಿ ಆಯಿ," ಅಂದಳು.

ಹಬ್ಬ ಮುಗಿದ ಮೇಲೆ ಹುಡುಗಿಯೇ ಅವ್ವನನ್ನು ಊರಿನ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಬೆರಳು ಚುಚ್ಚಿ ನೋಡಿದರು. ಮರುದಿನ ಬರಿ ಹೊಟ್ಟೆಯಲ್ಲಿ ಬಾ ಎಂದು ಹೇಳಿ ಮತ್ತೆ ನೋಡಿದರು. ಅವ್ವನಿಗೆ ಸಕ್ಕರೆ ಬೇನೆ ಇತ್ತು. ಎಷ್ಟು ವರ್ಷದಿಂದ ಇತ್ತೋ ಯಾರಿಗೆ ಗೊತ್ತು. ಗುಳಿಗೆ ಕೊಟ್ಟರು. ಅವ್ವ ಆ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ಮೊಮ್ಮಗಳ ಕೂಡ ನಮ್ಮ ಓಣಿಯ ಮೇಲೆಯೇ ಬಂದಳು. ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಎದ್ದು ಒಳಗೆ ಹೋಗಿ ಇಬ್ಬರಿಗೂ ನೀರು ತಂದೆ. ಕುಡಿದು, ತಂಬಿಗೆ ನನ್ನ ಕೈಗೆ ಕೊಟ್ಟು, ಇಬ್ಬರೂ ಹೊಲದ ದಾರಿ ಹಿಡಿದರು. ಅವತ್ತು ಅವ್ವ ಯಾವ ಕಟ್ಟೆಯ ಮೇಲೂ ಕೂಡಲಿಲ್ಲ.